ನೆಲಕ್ಕೆ ಎಷ್ಟು ದೂರ

ಸೊಂಟದ ಕೀಲು ಎಲ್ಲಿದೆ ತೋರಿಸಿ ಎಂದರೆ ಹೆಚ್ಚಿನವರ ಕೈ ನಡುವಿನ ಪಕ್ಕಕ್ಕೆ, ಪಂಚೆಯ ಗಂಟು ನಿಲ್ಲುವ ಮೂಳೆಯ ಅಂಚಿಗೆ ಹೋಗುತ್ತದೆ. ಕೆಲವರು ಬೆನ್ನಿನ ಕೆಳಗೆ ನೋಯುವ ಜಾಗ ಮುಟ್ಟಿಕೊಳ್ಳುತ್ತಾರೆ. ಕೀಲು ಇರುವುದು ಮುಂದುಗಡೆ, ತೊಡೆಸಂದಿನ ಮಡಿಕೆಯ ಹೆಚ್ಚುಕಡಿಮೆ ನಡುವಿನಲ್ಲಿ, ಮಾಂಸದ ಬಹಳ ಆಳದಲ್ಲಿ. ಕೂತಲ್ಲೇ ಮಂಡಿ ಎತ್ತಿದಾಗ ಬಟ್ಟೆ ಎಲ್ಲಿ ಮುದುರುತ್ತದೆಯೋ ಅದರ ಹಿಂದೆ. ಅದಕ್ಕೇ ಆ ಕೀಲಿನ ಒಳಗಿನ ನೋವು ಬಹುಪಾಲು ತೊಡೆಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ, ಒಮ್ಮೊಮ್ಮೆ ಮಂಡಿಯವರೆಗೂ ಇಳಿದು ಎಲ್ಲರ ದಾರಿ ತಪ್ಪಿಸುತ್ತದೆ.

ತೊಡೆಮೂಳೆಯ ದುಂಡು ತಲೆ ಕಟಿಮೂಳೆಯ ಗುಳಿಯೊಳಗೆ ಕೂತಿದೆ. ಭುಜದ ಕೀಲೂ ಇದೇ ಜಾತಿಯದು, ಆದರೆ ಅಲ್ಲಿಯ ಗುಳಿಗೆ ಆಳವಿಲ್ಲ. ತೋಳು ಎಲ್ಲ ಕಡೆ ಬೀಸುತ್ತದೆ, ಅಷ್ಟೇ ಸುಲಭವಾಗಿ ಕೀಲು ತಪ್ಪುತ್ತದೆ. ಸೊಂಟದ್ದು ಮೈಭಾರ ಹೊರುವ ಕೀಲು, ಹಾಗಾಗಿ ಗುಳಿ ಆಳ, ಸುತ್ತಲ ಕಟ್ಟು ಬಿಗಿ. ಮುಂಭಾಗದಲ್ಲಿ ಅದನ್ನು ಹಿಡಿದಿರುವ ಅಸ್ಥಿರಜ್ಜು ಇಡೀ ದೇಹದಲ್ಲೇ ಅತಿ ಗಟ್ಟಿಯಾದದ್ದು ಎನ್ನುತ್ತಾರೆ ಅಂಗರಚನೆ ಬಲ್ಲವರು. ನೆಟ್ಟಗೆ ನಿಂತಾಗ ಅದು ಬಿಗಿಯುತ್ತದೆ. ಆ ಬಿಗಿತದ ಮೇಲೆ ಭಾರ ಹಾಕಿ, ಸ್ನಾಯುಗಳಿಗೆ ಹೆಚ್ಚೇನೂ ದುಡಿಮೆ ಕೊಡದೆ, ನಾವು ಬಸ್ಸಿಗೆ ಕಾಯುತ್ತ ನಿಂತಿರಬಲ್ಲೆವು. ಕೂತಾಗ ಅದೇ ರಜ್ಜು ಸಡಿಲಾಗುತ್ತದೆ.

ಇಷ್ಟು ಗಟ್ಟಿಯಾದ ಕೀಲಿಗೂ ಸಂಚಾರ ಕಡಿಮೆಯಿಲ್ಲ. ತೊಡೆ ಹೊಟ್ಟೆಯ ಕಡೆಗೆ ಸುಮಾರು 120 ಡಿಗ್ರಿ ಮಡಚುತ್ತದೆ, ಹಿಂದಕ್ಕೆ 20ರ ಆಸುಪಾಸು ಹೋಗುತ್ತದೆ, ಪಕ್ಕಕ್ಕೆ 45ರಷ್ಟು ತೆರೆಯುತ್ತದೆ, ಒಳಕ್ಕೂ ಹೊರಕ್ಕೂ ತಿರುಗುತ್ತದೆ. ನಗರದ ದಿನಚರಿ ಇದರಲ್ಲಿ ಬಳಸಿಕೊಳ್ಳುವುದು ಒಂದೇ ಕೋನ. ಬೆಳಗ್ಗೆ ಕಮೋಡಿನ ಮೇಲೆ 90 ಡಿಗ್ರಿ, ತಿಂಡಿಗೆ ಟೇಬಲ್ಲಿನ ಮುಂದೆ 90, ಕಾರಿನಲ್ಲಿ 90, ಕಚೇರಿಯಲ್ಲಿ ಎಂಟೊಂಬತ್ತು ತಾಸು ಅದೇ 90, ರಾತ್ರಿ ಸೋಫಾದ ಮೇಲೆ ಸ್ವಲ್ಪ ಜಾರಿದ 90. ಮಧ್ಯೆ ಅರ್ಧ ತಾಸು ಪಾರ್ಕಿನಲ್ಲಿ ನಡೆದರೂ ಕಾಲು ಹೋಗುವುದು ಮುಂದಕ್ಕೂ ಹಿಂದಕ್ಕೂ ಮಾತ್ರ. ಪಕ್ಕಕ್ಕೆ ತೆರೆಯುವ, ತಿರುಗುವ, ಪೂರ್ತಿ ಮಡಚುವ ಕೆಲಸ ಕೀಲಿಗೆ ತಿಂಗಳುಗಟ್ಟಲೆ ಬರುವುದೇ ಇಲ್ಲ. ಒಂದು ದಿನ ಯಾರದೋ ಮನೆಯ ಪೂಜೆಗೆ ಹೋಗಿ ಜಮಖಾನದ ಮೇಲೆ ಕೂರಬೇಕಾದಾಗ, ಮಂಡಿಗಳು ಎದೆಯ ಮಟ್ಟದಲ್ಲಿ ನಿಂತು, ಬೆನ್ನು ಗೂನಾಗಿ, ಹತ್ತು ನಿಮಿಷಕ್ಕೆ ಗೋಡೆ ಹುಡುಕುವಂತಾಗುತ್ತದೆ. ವಯಸ್ಸಾಯಿತು ಅಂದುಕೊಳ್ಳುತ್ತೇವೆ. ವಯಸ್ಸಿನ ಪಾಲು ಇದೆ, ಆದರೆ ನಾವು ಅದರ ಲೆಕ್ಕಕ್ಕೆ ಬರೆಯುವಷ್ಟಿಲ್ಲ.

1893ರಲ್ಲಿ ಹ್ಯಾವ್ಲಾಕ್ ಚಾರ್ಲ್ಸ್ ಎಂಬ ವೈದ್ಯರು ಪಂಜಾಬಿಗಳ ಕಾಲುಮೂಳೆಗಳ ಬಗ್ಗೆ ಒಂದು ದೀರ್ಘ ಲೇಖನ ಪ್ರಕಟಿಸಿದರು. ಲಾಹೋರಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದವರು ಅವರು. ಕಣಕಾಲಿನ ಮೂಳೆಯೂ ಪಾದದ ಗಂಟಿನ ಮೂಳೆಯೂ ಸೇರುವಲ್ಲಿ, ಮುಂದಿನ ಅಂಚಿನಲ್ಲಿ, ಯುರೋಪಿನವರ ಮೂಳೆಗಳಲ್ಲಿ ಅಪರೂಪವಾದ ಸಣ್ಣ ನುಣುಪು ಜಾಗಗಳು ಅವರಿಗೆ ಕಂಡವು. ಕುಕ್ಕರಗಾಲಲ್ಲಿ ಕೂತು ಕೂತು ಒಂದು ಮೂಳೆ ಇನ್ನೊಂದಕ್ಕೆ ತಾಗಿ ಆದ ಗುರುತು ಅದು. ಇವತ್ತಿಗೂ ಹಳೆಯ ಸಮಾಧಿಗಳ ಅಸ್ಥಿ ಪರೀಕ್ಷಿಸುವವರು ಆ ಗುರುತು ಹುಡುಕಿ, ಸತ್ತವರು ಬದುಕಿದ್ದಾಗ ಹೇಗೆ ಕೂರುತ್ತಿದ್ದರು ಎಂದು ಊಹಿಸುತ್ತಾರೆ. ಹೆಸರು, ಕುಲ, ಭಾಷೆ ಎಲ್ಲ ಅಳಿದ ಮೇಲೂ ಕೂರುವ ಅಭ್ಯಾಸ ಮೂಳೆಯಲ್ಲಿ ಉಳಿದಿರುತ್ತದೆ ಎಂಬುದು ನನಗೆ ಬಹಳ ದಿನ ಮನಸ್ಸಿನಲ್ಲಿ ಉಳಿದ ಸಂಗತಿ.

ನನ್ನ ತಾಯಿಯ ಕಾಲುಮೂಳೆಗಳಲ್ಲೂ ಅದು ಇದ್ದಿರಬೇಕು. ಬೆಳಗ್ಗೆ ಬಗ್ಗಿ ಅಂಗಳ ಗುಡಿಸಿ, ಕುಕ್ಕರಗಾಲಲ್ಲಿ ಸರಿದು ಸರಿದು ರಂಗೋಲಿ ಇಟ್ಟು, ಬಚ್ಚಲೊಲೆಯ ಮುಂದೆ ಕೂತು ಸೌದೆ ತುರುಕಿ, ಒಂದು ಕಾಲು ಮಡಚಿ ಇನ್ನೊಂದರ ಮಂಡಿ ಎತ್ತಿ ಈಳಿಗೆಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚಿ, ಒರಳುಕಲ್ಲಿನ ಮುಂದೆ ಒಂದು ಕಾಲು ಚಾಚಿ ರುಬ್ಬಿ, ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರುವಷ್ಟರಲ್ಲಿ ಸೊಂಟದ ಕೀಲು ತನ್ನ ಎಲ್ಲ ದಿಕ್ಕುಗಳನ್ನೂ ಒಂದು ಸುತ್ತು ಹಾಕಿ ಬಂದಿರುತ್ತಿತ್ತು. ಸಾಲದ್ದಕ್ಕೆ ಯಾವುದಾದರೂ ಮಗು ಸೊಂಟದ ಮೇಲೆ ಇರುತ್ತಿತ್ತು, ಎರಡು ಕಾಲು ಅಗಲಿಸಿ ಅವಳ ನಡುವನ್ನು ಅಪ್ಪಿಕೊಂಡು. ಹಾಗೆ ಎತ್ತಿಕೊಳ್ಳುವುದು ಮಗುವಿನ ಕೀಲಿಗೂ ಒಳ್ಳೆಯದು ಎಂದು ಮೂಳೆವೈದ್ಯರು ಹೇಳುತ್ತಾರೆ. ಕಾಲು ನೆಟ್ಟಗೆ ಮಾಡಿ ಬಿಗಿಯಾಗಿ ಸುತ್ತುವ ಪದ್ಧತಿ ಇರುವಲ್ಲಿ ಶಿಶುಗಳ ಸೊಂಟ ಜಾರುವ ತೊಂದರೆ ಹೆಚ್ಚು. ಜಪಾನಿನಲ್ಲಿ 1970ರ ದಶಕದಲ್ಲಿ ಹಾಗೆ ಸುತ್ತಬೇಡಿ ಎಂದು ತಾಯಂದಿರಿಗೆ ತಿಳಿಹೇಳಿದ ಮೇಲೆ ಆ ತೊಂದರೆ ಬಹಳ ಇಳಿಯಿತು.

ಹಾಗೆಂದು ಹಳೆಯ ಅಡುಗೆಮನೆಯನ್ನು ವ್ಯಾಯಾಮಶಾಲೆ ಎಂದು ಕೊಂಡಾಡುವ ಬರಹಗಳನ್ನು ಓದಿದಾಗ ನನಗೆ ಕಸಿವಿಸಿಯಾಗುತ್ತದೆ. ಅವನ್ನು ಬರೆಯುವವರು ಹೆಚ್ಚಾಗಿ ಗಂಡಸರು, ಒರಳು ತಿರುಗಿಸಿದವರಲ್ಲ. ಐವತ್ತು ದಾಟುವ ಮೊದಲೇ ಹಳ್ಳಿಯ ಹೆಂಗಸರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದುದು ಆ ನೆನಪುಗಳಲ್ಲಿ ಬರುವುದಿಲ್ಲ. ಬೀಜಿಂಗಿನ ವೃದ್ಧರ ಮೇಲೆ ನಡೆದ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ ಚಿತ್ರ ಇನ್ನೂ ತೊಡಕಾಗುತ್ತದೆ. 2002ರಲ್ಲಿ ಪ್ರಕಟವಾದದ್ದು, ಅಲ್ಲಿಯ ಹಿರಿಯರಲ್ಲಿ ಸೊಂಟದ ಕೀಲಿನ ಸವೆತ ಅಮೆರಿಕದ ಬಿಳಿಯರಿಗಿಂತ ಶೇಕಡಾ 80ರಿಂದ 90ರಷ್ಟು ಕಡಿಮೆ ಎಂದು ಕಂಡುಕೊಂಡಿತು. ನೆಲದಲ್ಲಿ ಕೂರುವವರು ಹಿರಿಹಿರಿ ಹಿಗ್ಗಬಹುದು ಎನ್ನುವಾಗಲೇ, 2004ರಲ್ಲಿ ಅದೇ ಊರಿನ ಇನ್ನೊಂದು ವರದಿ ಬಂತು: ಹರೆಯದಲ್ಲಿ ದಿನವೂ ತಾಸುಗಟ್ಟಲೆ ಕುಕ್ಕರಗಾಲಲ್ಲಿ ಕೂತವರ ಮಂಡಿ ಹೆಚ್ಚು ಸವೆದಿತ್ತು. ಸೊಂಟದ ಸವೆತ ಕಡಿಮೆ ಇರುವುದಕ್ಕೂ ಕೂರುವ ರೀತಿಯೇ ಕಾರಣ ಎನ್ನುವಂತಿಲ್ಲ. ಹುಟ್ಟಿನಿಂದ ಬಂದ ಮೂಳೆಯ ಆಕಾರದ ಪಾತ್ರವೂ ಅದರಲ್ಲಿ ಇರಬಹುದು.

ಹಾಗಾದರೆ ಕುರ್ಚಿಯನ್ನೇ ಬೈಯೋಣವೇ? ಅದೂ ಅಷ್ಟು ಸುಲಭವಲ್ಲ. ತಾಂಜಾನಿಯಾದಲ್ಲಿ ಇವತ್ತಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಹಾಡ್ಜಾ ಜನರ ದಿನಚರಿಯನ್ನು ಅಳೆದವರು 2020ರಲ್ಲಿ ಹೇಳಿದ್ದು ಇದು: ಅವರೂ ದಿನಕ್ಕೆ ಹತ್ತಿರಹತ್ತಿರ 10 ತಾಸು ವಿಶ್ರಾಂತಿಯಲ್ಲೇ ಇರುತ್ತಾರೆ. ಅಂದರೆ ನಮ್ಮಷ್ಟೇ. ಆದರೆ ಆ ಹೊತ್ತಿನಲ್ಲಿ ನೆಲದ ಮೇಲೆ ಕೂರುತ್ತಾರೆ, ಮಂಡಿಯೂರುತ್ತಾರೆ, ಕುಕ್ಕರಗಾಲಲ್ಲಿರುತ್ತಾರೆ. ಕಾಲಿನ ಸ್ನಾಯುಗಳು ಸಣ್ಣಗೆ ಎಚ್ಚರವಾಗಿಯೇ ಇರುತ್ತವೆ. ಮುಖ್ಯ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದಿಲ್ಲ. ನೆಲ ಗಟ್ಟಿ, ಇರಗೊಡುವುದಿಲ್ಲ. ಮೆತ್ತೆಯ ಕುರ್ಚಿಯ ತೊಂದರೆ ಅದರ ಸುಖವೇ. ಅದು ನಮ್ಮನ್ನು ಅಲುಗಾಡಿಸುವುದೇ ಇಲ್ಲ.

ಇಷ್ಟೆಲ್ಲ ಬಲ್ಲವರೂ ಒಂದು ದಿನ ಚಾಪೆ ಹಾಸಿ ಕಾಲು ಎಳೆಯಲು ಕೂರುತ್ತಾರೆ. ಅಲ್ಲಿಂದ ಮುಂದಿನದು ಸ್ವಲ್ಪ ವಿಚಿತ್ರ.

ಎಳೆದರೆ ಸ್ನಾಯು ಉದ್ದವಾಗುತ್ತದೆ ಎಂದೇ ನಾವೆಲ್ಲ ನಂಬಿದ್ದೇವೆ. 1996ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಕೆಲವರನ್ನು ಕರೆದು, ಒಂದೇ ಕಾಲಿನ ತೊಡೆಯ ಹಿಂಭಾಗವನ್ನು ಕೆಲವು ವಾರ ದಿನವೂ ಹಿಗ್ಗಿಸಲು ಹೇಳಿದರು. ಇನ್ನೊಂದು ಕಾಲು ಹಾಗೆಯೇ ಇತ್ತು. ಕೊನೆಗೆ ಅಳೆದಾಗ ಹಿಗ್ಗಿಸಿದ ಕಾಲು ಮೊದಲಿಗಿಂತ ಮುಂದೆ ಹೋಗುತ್ತಿತ್ತು, ನಿಜ. ಆದರೆ ಒಂದೇ ಕೋನದಲ್ಲಿಟ್ಟು ಅಳೆದರೆ ಸ್ನಾಯುವಿನ ಪ್ರತಿರೋಧ ಮೊದಲಿನಷ್ಟೇ. ಬದಲಾಗಿದ್ದು ಆ ಸೆಳೆತವನ್ನು ತಾಳಿಕೊಳ್ಳುವ ಒಪ್ಪಿಗೆ. ವರ್ಷಗಟ್ಟಲೆ, ದಿನಕ್ಕೆ ಬಹಳ ಹೊತ್ತು ಸಾಧನೆ ಮಾಡುವ ನರ್ತಕರ ಮಾತು ಬೇರೆ ಇರಬಹುದು. ನಮ್ಮಂಥವರ ವಿಷಯದಲ್ಲಿ ಮೊದಲ ತಿಂಗಳುಗಳ ಲಾಭ ಬಹುಮಟ್ಟಿಗೆ ನರಮಂಡಲದ ಜೊತೆ ಆಗುವ ಒಪ್ಪಂದ. ಅಪಾರ್ಟ್‌ಮೆಂಟಿನ ಗೇಟಿನಲ್ಲಿರುವ ಕಾವಲುಗಾರನ ಹಾಗೆ ಅದು. ಎಂದೂ ಕಾಣದ ಮುಖವನ್ನು ತಡೆದು ನಿಲ್ಲಿಸುತ್ತದೆ, ಜಗಳ ತೆಗೆದರೆ ಇನ್ನೂ ಗಟ್ಟಿಯಾಗಿ ತಡೆಯುತ್ತದೆ, ದಿನಾ ಅದೇ ಹೊತ್ತಿಗೆ ಬಂದು ನಮಸ್ಕಾರ ಹೇಳಿ ಹೋಗುವವನಿಗೆ ಕ್ರಮೇಣ ಗೇಟು ತೆರೆಯುತ್ತದೆ.

ಇದನ್ನು ಅರಿತ ಮೇಲೆ ಅವಸರಕ್ಕೆ ಅರ್ಥವಿಲ್ಲ ಎಂದು ತಾನಾಗಿ ಗೊತ್ತಾಗುತ್ತದೆ. 1994ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ತೊಡೆಯ ಹಿಂದಿನ ಸ್ನಾಯುವಿಗೆ ಎಷ್ಟು ಹೊತ್ತು ಸೆಳೆತ ಕೊಡಬೇಕು ಎಂದು ಹೋಲಿಸಿ ನೋಡಿದರು. 15 ಸೆಕೆಂಡಿಗಿಂತ 30 ಸೆಕೆಂಡು ಮೇಲು. 30ರ ಬದಲು 60 ಮಾಡಿದರೆ ಹೆಚ್ಚಿನ ಲಾಭವಿರಲಿಲ್ಲ. ವಯಸ್ಸಾದವರು ಒಂದು ನಿಮಿಷದವರೆಗೆ ಹೋಗಬಹುದು ಎಂಬುದು ಈಗಿನ ಸಾಮಾನ್ಯ ಸಲಹೆ. 30 ಸೆಕೆಂಡು ಏನು ಮಹಾ ಎನಿಸುತ್ತದೆ. ತೊಡೆಸಂದಿನಲ್ಲಿ ಬಿಸಿ ಎದ್ದಿರುವಾಗ, ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿರುವಾಗ, ಪಕ್ಕದಲ್ಲಿ ಮೊಬೈಲ್ ಮಿನುಗುತ್ತಿರುವಾಗ ಅದು ಎಷ್ಟು ಉದ್ದ ಎಂದು ಮಾಡಿ ನೋಡಿದವರೇ ಬಲ್ಲರು. ಮೊದಲ ಹತ್ತು ಸೆಕೆಂಡು ಪೂರ್ತಿ ದೂರುಗಳು. ನಂತರ ಎಲ್ಲೋ ಒಂದು ಉದ್ದ ಉಸಿರು ಹೊರಗೆ ಹೋಗುತ್ತದೆ, ಅದರ ಜೊತೆ ತೊಡೆ ಕೂದಲೆಳೆಯಷ್ಟು ಇಳಿಯುತ್ತದೆ. ಇಳಿಸಿದ್ದು ನಾವಲ್ಲ. ಎಳೆಯುವುದನ್ನು ಬಿಟ್ಟಾಗ ಅದು ಆಯಿತು. ನನಗೆ ಈ ಅಭ್ಯಾಸದಲ್ಲಿ ಹಿಡಿಸಿದ್ದು ಈ ಒಂದು ಕ್ಷಣ. ಉಳಿದದ್ದೆಲ್ಲ ಕಾಲಿನ ಕೆಲಸ.

ಆದರೆ ಒಪ್ಪಂದಕ್ಕೆ ಬಾರದ ಇನ್ನೊಂದು ಪಕ್ಷವೂ ಕೀಲಿನೊಳಗಿದೆ, ಅದು ಮೂಳೆ.

ದೇಹ ಹೇಳುವ 'ಬೇಡ'ದಲ್ಲಿ ಎರಡು ಬಗೆ. ಸ್ನಾಯುವಿನದು ಒಂದು. ಅದು ಹಿಗ್ಗುತ್ತಿರುವ ಕಡೆ ಸೆಳೆಯುತ್ತದೆ, ಅಗಲವಾಗಿ ಹರಡಿಕೊಂಡಿರುತ್ತದೆ, ಕಾದರೆ ಮೆತ್ತಗಾಗುತ್ತದೆ. ಮೂಳೆಯದು ಇನ್ನೊಂದು. ಅದು ಮಡಚುತ್ತಿರುವ ಕಡೆ, ತೊಡೆಸಂದಿನ ಆಳದಲ್ಲಿ, ಬೆರಳ ತುದಿಯಷ್ಟು ಜಾಗದಲ್ಲಿ ಚಿವುಟುತ್ತದೆ. ಎಷ್ಟು ಕಾದರೂ ಬದಲಾಗುವುದಿಲ್ಲ, ಒತ್ತಿದರೆ ಮರುದಿನ ನಡೆಯುವಾಗ ನೆನಪಿಸುತ್ತದೆ. ಮೊದಲನೆಯದಕ್ಕೆ ತಾಳ್ಮೆ ಬೇಕು. ಎರಡನೆಯದಕ್ಕೆ ಬೇರೆ ದಾರಿ ಬೇಕು: ಕಾಲನ್ನು ಸ್ವಲ್ಪ ಅಗಲಿಸಿ, ಪಾದವನ್ನು ಹೊರಕ್ಕೆ ತಿರುಗಿಸಿ, ಇಲ್ಲವೇ ಆ ಭಂಗಿಯನ್ನೇ ಬಿಟ್ಟು. ಇವೆರಡನ್ನೂ ಬೇರೆ ಮಾಡಿ ಕೇಳಲು ಕಲಿಯುವುದೇ ಸೊಂಟದ ವ್ಯಾಯಾಮದ ಅಸಲಿ ಕಲಿಕೆ ಎಂದು ನನಗೆ ಅನಿಸುತ್ತದೆ. ವಿಡಿಯೊಗಳಲ್ಲಿ ಇದನ್ನು ಹೇಳುವವರು ಕಡಿಮೆ, ಏಕೆಂದರೆ ಚಿವುಟುವ ನೋವು ಕ್ಯಾಮೆರಾಗೆ ಕಾಣುವುದಿಲ್ಲ.

ಮೂಳೆಯ ಆಕಾರ ಒಬ್ಬೊಬ್ಬರದು ಒಂದೊಂದು. ತೊಡೆಮೂಳೆಯ ಕುತ್ತಿಗೆ ನೇರವಾಗಿಲ್ಲ, ಮುಂದಕ್ಕೆ ತಿರುಚಿಕೊಂಡಿರುತ್ತದೆ. ಹುಟ್ಟಿದಾಗ ಆ ತಿರುಚು ಸುಮಾರು 40 ಡಿಗ್ರಿ, ಬೆಳೆಯುತ್ತ 15ರ ಹತ್ತಿರಕ್ಕೆ ಇಳಿಯುತ್ತದೆ. ಕೆಲವರಲ್ಲಿ ಹೆಚ್ಚು ಉಳಿಯುತ್ತದೆ, ಕೆಲವರಲ್ಲಿ ತೀರ ಕಡಿಮೆಯಾಗುತ್ತದೆ. ಹೆಚ್ಚು ಉಳಿದವರ ತೊಡೆ ಒಳಕ್ಕೆ ಧಾರಾಳವಾಗಿ ತಿರುಗುತ್ತದೆ, ಹೊರಕ್ಕೆ ತಿರುಗಲು ಒಲ್ಲೆ ಎನ್ನುತ್ತದೆ. ಅಂಥವರಿಗೆ ಪದ್ಮಾಸನ ಹಾಕು ಎಂದರೆ ಸೊಂಟದಲ್ಲಿ ಸಿಗದ ತಿರುವನ್ನು ಮಂಡಿಯಿಂದ ಕಸಿಯಬೇಕಾಗುತ್ತದೆ. ಮಂಡಿ ಮಡಚುವುದಕ್ಕೆ ಇರುವ ಕೀಲು, ತಿರುಚುವುದಕ್ಕಲ್ಲ. 2003ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು, ತೊಡೆಮೂಳೆಯ ತಲೆಯ ಬುಡದಲ್ಲೋ ಗುಳಿಯ ಅಂಚಿನಲ್ಲೋ ಇರುವ ಸಣ್ಣ ಉಬ್ಬು ಮಡಚಿದಾಗೆಲ್ಲ ತಾಗಿ ತಾಗಿ ಮುಂದೆ ಕೀಲನ್ನು ಸವೆಸಬಹುದು ಎಂದು ವಿವರಿಸಿದರು. ಅದಕ್ಕೂ ಮೊದಲು ಈ ನೋವಿನವರಿಗೆ ಇನ್ನಷ್ಟು ಎಳೆಯಿರಿ ಎಂಬ ಉಪದೇಶ ಎಷ್ಟು ಸಿಕ್ಕಿರಬಹುದೋ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ಶುರುವಾಯಿತು. ಚಿತ್ರದುರ್ಗದ ಕಡೆಯ ತಿರುಮಲೈ ಕೃಷ್ಣಮಾಚಾರ್ಯರು ಅಲ್ಲಿ ಗುರುಗಳು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ, ಕಾಯಿಲೆಗಳಿಂದ ಸೊರಗಿದ್ದ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್, ಕೃಷ್ಣಮಾಚಾರ್ಯರ ಭಾಮೈದ ಮತ್ತು ಶಿಷ್ಯ. ಒಮ್ಮೆ ಗುರುಗಳು ಜನರೆದುರು ಹನುಮಾನಾಸನ ಮಾಡು ಎಂದರಂತೆ, ಅಂದರೆ ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಪೂರ್ತಿ ಚಾಚಿ ನೆಲಕ್ಕೆ ಕೂರುವ ಆಸನ. ಚಡ್ಡಿ ಬಿಗಿ, ಆಗುವುದಿಲ್ಲ ಎಂದು ಹುಡುಗ ನೆಪ ಹೇಳಿದ. ಕತ್ತರಿ ತರಿಸಿ ಚಡ್ಡಿಯ ಅಂಚು ಸೀಳಿಸಿದರು. ಆಸನವಾಯಿತು, ತೊಡೆಯ ಹಿಂದಿನ ಸ್ನಾಯು ಹರಿಯಿತು, ಬಹಳ ಕಾಲ ನಡೆಯುವುದೇ ಕಷ್ಟವಾಯಿತು. ದೊಡ್ಡವರಾದ ಮೇಲೆ ಅಯ್ಯಂಗಾರರೇ ಇದನ್ನು ಹೇಳಿಕೊಂಡಿದ್ದರು. ಅದೇ ಮನುಷ್ಯ ಮುಂದೆ ಪುಣೆಯಲ್ಲಿ ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಮಡಿಸಿದ ಕಂಬಳಿ, ಕಬ್ಬಿಣದ ಕುರ್ಚಿ ಎಲ್ಲವನ್ನೂ ಯೋಗದ ಕೋಣೆಯೊಳಗೆ ತಂದರು. ಒಂದು ಘಟನೆಯಿಂದಲೇ ಅದೆಲ್ಲ ಹುಟ್ಟಿತು ಎನ್ನುವುದು ಸಲ್ಲದು. ಆದರೆ ಆಸರೆ ಇಟ್ಟುಕೊಂಡು ಮಾಡಿದರೆ ಆಸನಕ್ಕೆ ಕುಂದಿಲ್ಲ ಎಂಬ ಅವರ ನಿಲುವಿನ ಹಿಂದೆ ಹರಿದ ತೊಡೆಯ ನೆನಪೂ ಇದ್ದಿರಬೇಕು ಎಂದುಕೊಳ್ಳುತ್ತೇನೆ.

ಆಸರೆ ಹೊಸದೂ ಅಲ್ಲ. ಮೇಲುಕೋಟೆಯ ಬೆಟ್ಟದ ಮೇಲಿನ ಯೋಗನರಸಿಂಹನನ್ನು ನೋಡಿ. ಮಂಡಿಗಳನ್ನು ಎತ್ತಿ ಕೂತ ಭಂಗಿ, ಕಾಲುಗಳನ್ನು ಬಳಸಿ ಕಟ್ಟಿದ ಯೋಗಪಟ್ಟ. ಶಬರಿಮಲೆಯ ಅಯ್ಯಪ್ಪನದೂ ಅದೇ. ಪಟ್ಟಿ ಕಾಲನ್ನು ಹಿಡಿದಿರುತ್ತದೆ, ಸ್ನಾಯುಗಳಿಗೆ ಬಿಡುವು, ಬೆನ್ನು ನೆಟ್ಟಗೆ. ದೇವರೇ ಪಟ್ಟಿ ಕಟ್ಟಿಕೊಂಡು ಕೂತಿರುವಾಗ ನಾವು ಕುಂಡೆಯ ಕೆಳಗೆ ಕಂಬಳಿ ಮಡಿಸಿಟ್ಟುಕೊಳ್ಳಲು ನಾಚಬೇಕಿಲ್ಲ. ನಮ್ಮ ಕಡೆಯ ಜಿನಬಿಂಬಗಳಲ್ಲೂ ಒಂದು ವಿಶೇಷವಿದೆ. ಉತ್ತರದ ತೀರ್ಥಂಕರರು ಸಾಮಾನ್ಯವಾಗಿ ಪೂರ್ಣ ಪದ್ಮಾಸನದಲ್ಲಿ ಕೂತರೆ, ದಕ್ಷಿಣದವರು ಹೆಚ್ಚಾಗಿ ಒಂದು ಕಾಲಿನ ಮೇಲೆ ಇನ್ನೊಂದನ್ನು ಸುಮ್ಮನೆ ಇಟ್ಟ ಅರ್ಧಪದ್ಮಾಸನದಲ್ಲಿರುತ್ತಾರೆ. ಕೇವಲಜ್ಞಾನಕ್ಕೆ ಅಷ್ಟು ಸಾಕು ಎಂದು ನಮ್ಮ ಶಿಲ್ಪಿಗಳು ತೀರ್ಮಾನಿಸಿದ್ದರು.

ಇನ್ನು ಮಾಡುವ ವಿಷಯ. ಹತ್ತಾರು ಭಂಗಿಗಳು ಬೇಕಿಲ್ಲ. ಕುರ್ಚಿಯ ಮನುಷ್ಯನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ತೊಡೆಯ ಮುಂಭಾಗ. ಬೆನ್ನುಮೂಳೆಯ ಕೆಳಭಾಗದಿಂದ ಹೊರಟು, ಕಟಿಯ ಒಳಗೆ ಹಾಯ್ದು, ತೊಡೆಮೂಳೆಯ ಒಳಮಗ್ಗುಲಿಗೆ ಅಂಟುವ ಸೋವಾಸ್ ಎಂಬ ಸ್ನಾಯುವೊಂದಿದೆ. ಕೂತಷ್ಟು ಹೊತ್ತೂ ಅದು ಮೊಟಕಾಗಿರುತ್ತದೆ. ಚಾಪೆಯ ಮೇಲೆ ಒಂದು ಮಂಡಿಯೂರಿ, ಇನ್ನೊಂದು ಪಾದವನ್ನು ಮುಂದಿಡಿ. ಮಂಡಿಯ ಕೆಳಗೆ ದಿಂಬಿರಲಿ. ಹೆಚ್ಚಿನವರು ಇಲ್ಲಿಂದ ಮೈಯನ್ನು ಮುಂದಕ್ಕೆ ದೂಡುತ್ತಾರೆ. ಆಗ ನಡು ಡೊಂಕಾಗಿ ಬೆನ್ನು ಒತ್ತಿಕೊಳ್ಳುತ್ತದೆ, ತೊಡೆಗೆ ಏನೂ ಸಿಗುವುದಿಲ್ಲ. ಮುಂದೆ ಹೋಗದೆ, ಊರಿದ ಮಂಡಿಯ ಕಡೆಯ ಕುಂಡೆಯನ್ನು ಬಿಗಿ ಮಾಡಿ, ಬಾಲದ ಮೂಳೆಯನ್ನು ಒಳಕ್ಕೆ ತಂದುಕೊಂಡು ನೋಡಿ. ಅಂಗುಲವೂ ಚಲಿಸಿರುವುದಿಲ್ಲ, ಆದರೂ ತೊಡೆಯ ಮೇಲ್ತುದಿಯಲ್ಲಿ ಸೆಳೆತ ಏಳುತ್ತದೆ. ನಾನು ಹೋಗುವ ಮೈಸೂರಿನ ಸಣ್ಣ ಯೋಗಶಾಲೆಯ ಮೇಷ್ಟ್ರು ಹೊಸದಾಗಿ ಬಂದ ಹುಡುಗರಿಗೆ ಹೇಳುವ ಮಾತು ಇದೊಂದೇ: "ಎಲ್ಲಿಗ್ರೀ ಹೊರಟ್ರಿ? ಇದ್ದಲ್ಲೇ ಇರಿ ಸಾರ್. ಅದೇ ಬರತ್ತೆ."

ತೊಡೆಯನ್ನು ಹೊರಕ್ಕೆ ತಿರುಗಿಸಲು ಬೆನ್ನ ಮೇಲೆ ಮಲಗಿ, ಒಂದು ಕಾಲಿನ ಗಿಣ್ಣನ್ನು ಇನ್ನೊಂದರ ಮಂಡಿಯ ಮೇಲಿಟ್ಟು, ಕೆಳಗಿನ ತೊಡೆಯನ್ನು ಎದೆಯ ಕಡೆಗೆ ತಂದುಕೊಳ್ಳುವುದು ಎಲ್ಲಕ್ಕಿಂತ ನಿರಪಾಯ. ಬೆನ್ನು ನೆಲದ ಮೇಲಿರುವುದರಿಂದ ಮೋಸ ಮಾಡಲು ಜಾಗವಿಲ್ಲ. ಬದ್ಧಕೋನಾಸನದಲ್ಲಿ, ಅಂಗಾಲು ಜೋಡಿಸಿ ಮಂಡಿಗಳನ್ನು ಪಟಪಟ ಬಡಿಯುವ ಅಭ್ಯಾಸ ಶಾಲೆಯಿಂದ ಬಂದದ್ದು, ಅದನ್ನು ಬಿಡಬೇಕು. ಬದಲಿಗೆ ತೊಡೆಗಳನ್ನು ಕೈಯಿಂದ ತಡೆದು, ಮಂಡಿಯನ್ನು ಮೇಲಕ್ಕೆ ಮೆಲ್ಲಗೆ ಐದಾರು ಸೆಕೆಂಡು ಒತ್ತಿ, ಬಿಟ್ಟುಬಿಡಿ. ಬಿಟ್ಟ ಮೇಲೆ ಅವು ಮೊದಲಿಗಿಂತ ಕೆಳಗೆ ಇಳಿಯುತ್ತವೆ. 1940ರ ದಶಕದಲ್ಲಿ ಅಮೆರಿಕದ ವೈದ್ಯ ಹರ್ಮನ್ ಕಾಬಟ್ ಕೈಕಾಲು ಸ್ವಾಧೀನ ತಪ್ಪಿದವರಿಗಾಗಿ ರೂಪಿಸಿದ ಚಿಕಿತ್ಸೆಯಿಂದ ಬಂದ ಉಪಾಯ ಇದು, ಈಗ ಆಟಗಾರರೆಲ್ಲ ಬಳಸುತ್ತಾರೆ.

ಒಳತಿರುವನ್ನು ಯೋಗದ ತರಗತಿಗಳು ಹೆಚ್ಚು ಕೇಳುವುದಿಲ್ಲ, ನಮ್ಮ ಕೂರುವ ರೀತಿಗಳೂ ಬಹುಪಾಲು ಹೊರತಿರುವಿನವು. ನೆಲದ ಮೇಲೆ ಒಂದು ಕಾಲನ್ನು ಮುಂದೆ, ಇನ್ನೊಂದನ್ನು ಪಕ್ಕಕ್ಕೆ, ಎರಡನ್ನೂ ಮಂಡಿಯಲ್ಲಿ 90 ಡಿಗ್ರಿ ಮಡಚಿ ಕೂರಿ. ಹಿಂದೆ ಕೈಯೂರಿಕೊಂಡು, ಮಂಡಿಗಳನ್ನು ಎತ್ತಿ ಇನ್ನೊಂದು ಬದಿಗೆ ಹೊರಳಿಸಿ. ಎಷ್ಟೋ ಜನರಿಗೆ ಸೊಂಟದ ಯಾವ ಕಡೆ ಮುಷ್ಕರ ಹೂಡಿದೆ ಎಂದು ತಿಳಿಯುವುದು ಇಲ್ಲೇ. ಆಮೇಲೆ, ಪಕ್ಕಕ್ಕಿಟ್ಟ ಕಾಲಿನ ಪಾದವನ್ನು ಕೈಯ ಸಹಾಯವಿಲ್ಲದೆ ನೆಲದಿಂದ ಎತ್ತಲು ನೋಡಿ. ಏಳುವುದೇ ಇಲ್ಲ, ಸ್ನಾಯು ಹಿಡಿದುಕೊಂಡರೂ ಹಿಡಿದುಕೊಳ್ಳಬಹುದು. ಎಳೆದು ಗಳಿಸಿದ ಜಾಗದಲ್ಲಿ ಬಲವಿಲ್ಲದಿದ್ದರೆ ಆ ಜಾಗ ನಮ್ಮದಾಗಿಲ್ಲ ಎಂದೇ ಅರ್ಥ. ಯಕ್ಷಗಾನದ ಬಡಗುತಿಟ್ಟಿನಲ್ಲಿ ಮಂಡಿಯ ಮೇಲೆ ಗಿರಗಿರನೆ ಸುತ್ತುವ ಕಲಾವಿದನಿಗೂ, ತಾಸುಗಟ್ಟಲೆ ಅರೆಮಂಡಿಯಲ್ಲಿ ಕಲಿತ ಭರತನಾಟ್ಯದ ಹುಡುಗಿಗೂ, ಗರಡಿಯಲ್ಲಿ ಬಸ್ಕಿ ಹೊಡೆದ ಪೈಲ್ವಾನನಿಗೂ ಇರುವುದು ಸಡಿಲಿಕೆ ಮಾತ್ರವಲ್ಲ, ಆ ಆಳದಲ್ಲಿ ಭಾರ ಹೊರುವ ಶಕ್ತಿ.

ಕೊನೆಗೆ ಕುಕ್ಕರಗಾಲು. ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ಸೊಂಟವನ್ನೇ ಬೈಯಬೇಡಿ, ಬಹಳ ಸಲ ಪಾದದ ಗಂಟು ಕಾರಣ. ಹಿಮ್ಮಡಿಯ ಕೆಳಗೆ ಮಡಿಸಿದ ಟವೆಲ್ ಇಟ್ಟು, ಕಿಟಕಿಯ ಸರಳನ್ನೋ ಬಾಗಿಲ ಚೌಕಟ್ಟನ್ನೋ ಹಿಡಿದು ಇಳಿದು, ಕೆಲವು ಉಸಿರು ಇದ್ದು, ಏಳಿ. ಮಂಡಿ ನೋಯುವವರು ಸ್ಟೂಲಿನ ಎತ್ತರಕ್ಕೇ ನಿಲ್ಲಿಸಲಿ. ಕೃತಕ ಕೀಲು ಹಾಕಿಸಿಕೊಂಡವರು, ಮೂಳೆ ಟೊಳ್ಳಾಗಿದೆ ಎಂದು ವೈದ್ಯರು ಹೇಳಿದವರು, ಗರ್ಭಿಣಿಯರು, ಕಾಲಿನುದ್ದಕ್ಕೆ ಜುಮ್ಮೆನ್ನುವವರು ಇದಾವುದನ್ನೂ ವೈದ್ಯರನ್ನು ಕೇಳದೆ ಶುರು ಮಾಡಬಾರದು. ಸೊಂಟದ ಕೀಲು ಬದಲಿಸಿಕೊಂಡವರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಮೊದಲ ಎಚ್ಚರಿಕೆಯೇ ನೆಲಕ್ಕೆ ಕೂರಬೇಡಿ, ಕಾಲ ಮೇಲೆ ಕಾಲು ಹಾಕಬೇಡಿ ಎಂಬುದು.

ಇಷ್ಟಕ್ಕೂ ಗುರಿ ಯಾವುದು? ಪದ್ಮಾಸನವಂತೂ ನನ್ನದಲ್ಲ. ನೆಲಕ್ಕೆ ಇಳಿದು, ಅಲ್ಲಿ ಸ್ವಲ್ಪ ಹೊತ್ತು ಸುಖವಾಗಿದ್ದು, ಯಾರನ್ನೂ ಕರೆಯದೆ ಎದ್ದು ಬರುವುದು. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರಾಉಜೊ ಇದನ್ನೇ ಒಂದು ಪರೀಕ್ಷೆ ಮಾಡಿದರು. ನಿಂತಲ್ಲಿಂದ ನೆಲಕ್ಕೆ ಕೂತು ಏಳಬೇಕು. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5. ಕೈ, ಮಂಡಿ, ಮೊಣಕೈ ಏನನ್ನು ಊರಿದರೂ ಪ್ರತಿಯೊಂದಕ್ಕೆ ಒಂದು ಅಂಕ ಕಳೆಯುತ್ತಾರೆ, ಓಲಾಡಿದರೆ ಅರ್ಧ. 51ರಿಂದ 80 ವರ್ಷದ 2,002 ಜನರನ್ನು ಹೀಗೆ ಪರೀಕ್ಷಿಸಿ, ಕೆಲವು ವರ್ಷ ಹಿಂಬಾಲಿಸಿ, 2012ರಲ್ಲಿ ವರದಿ ಮಾಡಿದರು: 3ಕ್ಕಿಂತ ಮೇಲೇಳದವರಲ್ಲಿ ಸಾವು 8 ಅಥವಾ ಹೆಚ್ಚು ಪಡೆದವರಿಗಿಂತ ಐದಾರು ಪಟ್ಟು ಹೆಚ್ಚಿತ್ತು. ನೆಲಕ್ಕೆ ಕೂತು ಎದ್ದರೆ ಆಯಸ್ಸು ಬೆಳೆಯುತ್ತದೆ ಎಂದು ಇದನ್ನು ಓದುವವರಿದ್ದಾರೆ, ಅದು ಅತಿ. ಬಲ, ಸಮತೋಲ, ಮೈತೂಕ, ಕೀಲಿನ ಸ್ಥಿತಿ ಎಲ್ಲ ಸೇರಿ ಆ ಅಂಕದಲ್ಲಿ ಕಾಣುತ್ತವೆ ಎಂದಷ್ಟೇ ಹೇಳಬಹುದು.

ಹಬ್ಬದ ಊಟ ಮುಗಿಸಿ ಕೂತಿದ್ದಾಗ ನಮ್ಮ ಮನೆಯಲ್ಲಿ ಇದರ ಸ್ಪರ್ಧೆಯೇ ನಡೆಯಿತು. ಮೂವತ್ತರ ಒಳಗಿನ ಇಬ್ಬರು ಸೋಫಾದ ಕೈ ಹಿಡಿದು ಎದ್ದರು. ಎಪ್ಪತ್ತು ದಾಟಿದ ಸೋದರತ್ತೆ ಸೆರಗು ಸಿಕ್ಕಿಸಿಕೊಂಡು, ಕಾಲು ಕತ್ತರಿ ಹಾಕಿ, ಎಲ್ಲೂ ಕೈಯೂರದೆ ಚಕ್ಕಳಮಕ್ಕಳ ಕೂತರು. ಏಳುವಾಗ ಮಂಡಿಗೆ ಒಂದು ಕೈ ಕೊಟ್ಟರು, ಸ್ವಲ್ಪ ಓಲಾಡಿದರು. ಮಂಡಿಗೆ ಕೈ ಕೊಟ್ಟರೂ ಒಂದು ಅಂಕ ಹೋಗುತ್ತದೆ ಅತ್ತೆ, ನಿಯಮ ಹಾಗಿದೆ ಎಂದೆ.

"ಅಲ್ವೋ, ನಿಯಮ ಮಾಡಿದ ಆ ಡಾಕ್ಟ್ರು ಒಂಬತ್ತು ಗಜದ ಸೀರೆ ಉಟ್ಕೊಂಡು ಎದ್ದು ನೋಡಿದಾರೇನು?" ಎಂದರು.

ಎಂಟೂವರೆ ಎಂದು ಬರೆದುಕೊಂಡೆವು. ಅವರು ಒಂಬತ್ತೂವರೆಗೆ ಇನ್ನೂ ಚೌಕಾಸಿ ಮಾಡುತ್ತಿದ್ದಾರೆ.